ಟೋಕಿಯೊಗೆ ಹೋದ ಎರಡು ಕ್ಯಾಲ್ಕುಲೇಟರ್

ಟೋಕಿಯೊಗೆ ಹೋಗಿ ಬಂದೆ ಎಂದರೆ ಎಲ್ಲರೂ ಬುಲೆಟ್ ರೈಲಿನ ಬಗ್ಗೆ, ಚೆರ್ರಿ ಹೂವಿನ ಬಗ್ಗೆ ಕೇಳುತ್ತಾರೆ. ರೈಲನ್ನು ದೂರದಿಂದ ನೋಡಿದೆ. ಹೂವಿನ ಕಾಲ ಅದಾಗಿರಲಿಲ್ಲ. ನಾಲ್ಕು ದಿನ ನಾನು ಕಣ್ಣು ಕೀಲಿಸಿ ನೋಡಿದ್ದು ಫ್ರೇಜರ್ ಟೌನಿನ ಇಮ್ತಿಯಾಜ್ ಭಾಯಿಯ ಮುಖವನ್ನು. ಆ ಮುಖವನ್ನು ಹನ್ನೊಂದು ವರ್ಷದಿಂದ ದಿನವೂ ನೋಡುತ್ತಿದ್ದೇನೆ. ಅದಕ್ಕಾಗಿ ಜಪಾನಿನ ತನಕ ಹೋಗಬೇಕಿರಲಿಲ್ಲ.

ಹೊರಡುವ ಮುಂಚೆ: ನಮ್ಮ ಬೇಸ್‌ಮೆಂಟು

ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಗಲ್ಲಿಯಲ್ಲಿ ಹಳೆಯ ಕಾಂಪ್ಲೆಕ್ಸ್ ಒಂದರ ಬೇಸ್‌ಮೆಂಟಿನಲ್ಲಿ ನನ್ನ ಅಂಗಡಿ. ಟಿವಿಗೆ ಹಾಕಿಕೊಂಡು ಆಡುವ ಗೇಮ್ ಕನ್ಸೋಲುಗಳನ್ನು ಮಾರುತ್ತೇನೆ. ಎದುರಿಗೆ, ನಾಲ್ಕು ಅಡಿ ಕಾರಿಡಾರಿನ ಆಚೆ, ಇಮ್ತಿಯಾಜ್ ಭಾಯಿಯ ಅಂಗಡಿ. ಅವರು ಮಾರುವುದೂ ಅದನ್ನೇ. ನಮ್ಮ ವ್ಯಾಪಾರದ ಮಾತಿನಲ್ಲಿ ಕನ್ಸೋಲಿಗೆ ಡಬ್ಬಿ ಎನ್ನುತ್ತೇವೆ. ಕಂಪನಿಗಳ ಹೆಸರನ್ನೂ ಹೇಳುವುದಿಲ್ಲ. ನೀಲಿ ಡಬ್ಬಿ, ಹಸಿರು ಡಬ್ಬಿ, ಕೆಂಪು ಡಬ್ಬಿ ಎಂದರೆ ಇಡೀ ಶಿವಾಜಿನಗರಕ್ಕೆ ಅರ್ಥವಾಗುತ್ತದೆ.

ಆ ಬೇಸ್‌ಮೆಂಟಿನಲ್ಲಿ ಯಾರೂ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಗಿರಾಕಿ ಎಷ್ಟು ಎಂದು ಕೇಳಿದರೆ ಕ್ಯಾಲ್ಕುಲೇಟರಿನಲ್ಲಿ ಒತ್ತಿ ಅವರ ಕಡೆ ತಿರುಗಿಸಬೇಕು, ಎಡಗೈಯನ್ನು ಎದುರಂಗಡಿಗೆ ಕಾಣದಂತೆ ಅಡ್ಡ ಹಿಡಿಯಬೇಕು, ಗಿರಾಕಿ ನೋಡಿದ ಕೂಡಲೇ ಅಳಿಸಿಬಿಡಬೇಕು. ಇಷ್ಟೆಲ್ಲ ಮಾಡಿದರೂ ಗುಟ್ಟು ಉಳಿಯುತ್ತದೆ ಎಂದೇನಲ್ಲ. ಗಿರಾಕಿ ನಾಲ್ಕು ಹೆಜ್ಜೆ ಹಾಕಿ ಎದುರಿಗೆ ಹೋಗಿ, "ಅವ್ರು ಇಷ್ಟು ಹೇಳ್ತಿದಾರೆ, ನೀವು?" ಎಂದು ಕೇಳುತ್ತಾರೆ. ಭಾಯ್ ಅದಕ್ಕಿಂತ ನೂರು ಕಡಿಮೆ ಒತ್ತುತ್ತಾರೆ. ಗಿರಾಕಿ ವಾಪಸ್ ಬಂದರೆ ನಾನು ಇನ್ನೂರು ಕಡಿಮೆ ಒತ್ತುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಇಬ್ಬರ ಲಾಭವೂ ಕಾರಿಡಾರಿನಲ್ಲೇ ಉದುರಿಹೋಗಿರುತ್ತಿತ್ತು. ಕಂಪನಿಗಳು ಮಾಡುವುದೂ ಇದನ್ನೇ. ನೀಲಿಯವರು ಹಬ್ಬಕ್ಕೆ ದರ ಇಳಿಸಿದರೆ ಹಸಿರಿನವರು ಅದೇ ವಾರ ಇಳಿಸುತ್ತಾರೆ, ನೀಲಿಯವರು ಏರಿಸಿದರೆ ಹಸಿರಿನವರೂ ನಿಧಾನಕ್ಕೆ ಏರಿಸುತ್ತಾರೆ. ಅವರ ಕಾರಿಡಾರ್ ಸ್ವಲ್ಪ ಅಗಲ, ಅಷ್ಟೇ.

ನಮಗೆ ಮಾಲು ಕೊಡುವ ಡಿಸ್ಟ್ರಿಬ್ಯೂಟರ್ ಈ ಸಲ ಹತ್ತು ಜನ ಡೀಲರುಗಳನ್ನು ಟೋಕಿಯೊಗೆ ಕರೆದುಕೊಂಡು ಹೋಗುತ್ತೇನೆ ಎಂದಾಗ ಖುಷಿಪಟ್ಟೆ. ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಅವರ ಮ್ಯಾನೇಜರ್ ವಿನಯ್ ಎಂಬ ಹುಡುಗ ಅಂಗಡಿಗೆ ಬಂದು ಕವರೊಂದನ್ನು ಕೈಗಿಟ್ಟ.

"ಸರ್, ಇನ್ಮೇಲೆ ಒಂದು ಬೇಸ್‌ಮೆಂಟಿಗೆ ಒಬ್ರೇ ಡೀಲರು. ನೀಲಿ ಕಂಪನಿ ಹೊಸ ಡಬ್ಬಿ ಬರ್ತಿದೆ. ನೀವೆಷ್ಟು ಪೀಸ್ ಎತ್ತೀರಾ ಅಂತ ಇದ್ರಲ್ಲಿ ಬರ್ದು, ಟ್ರಿಪ್ಪಿನ ನಾಲ್ಕನೇ ದಿನ ನಂಗೆ ಕೊಡಿ. ಯಾರದ್ದು ಜಾಸ್ತಿ ಇರುತ್ತೋ ಅವ್ರಿಗೆ ಡೀಲರ್‌ಶಿಪ್. ಇಮ್ತಿಯಾಜ್ ಸರ್‌ಗೂ ಇದನ್ನೇ ಹೇಳಿದೀನಿ."

ನನಗೆ ಐವತ್ತೆರಡು ವರ್ಷ. ಡೀಲರ್‌ಶಿಪ್ ಹೋದರೆ ಅಂಗಡಿಯೇ ಹೋದ ಹಾಗೆ. ಆಮೇಲೆ ಮೊಬೈಲ್ ಕವರು, ಚಾರ್ಜರು ನೇತುಹಾಕಿಕೊಂಡು ಕೂರಬೇಕು. ಹಾಗೆಂದು ಹೆಚ್ಚು ಬರೆಯುವುದಕ್ಕೂ ಹೆದರಿಕೆ. ಡಬ್ಬಿ ಎತ್ತಿದ ಮೇಲೆ ಹಸಿರಿನವರು ದರ ಇಳಿಸಿಬಿಟ್ಟರೆ ನೀಲಿ ಡಬ್ಬಿಯನ್ನು ಯಾರು ಕೇಳುತ್ತಾರೆ? ನನ್ನ ಹೆಂಡತಿ ಸುಜಾತಾ ಹಲಸೂರಿನ ಮನೆಯಲ್ಲಿ ಸೂಟ್‌ಕೇಸಿಗೆ ಚಟ್ನಿಪುಡಿ ಡಬ್ಬ ಇಡುತ್ತಾ ಹೇಳಿದಳು: "ಇಪ್ಪತ್ತೈದರ ಮೇಲೆ ಒಂದೂ ಬರೀಬೇಡಿ. ಬರೆದ್ರೆ ಅಲ್ಲೇ ಇದ್ಬಿಡಿ."

ವಿಮಾನದಲ್ಲಿ: ಸೊನ್ನೆ

ವಿನಯ್ ಟಿಕೆಟ್ ಮಾಡಿಸುವಾಗ ಬೇಸ್‌ಮೆಂಟಿನವರನ್ನು ಒಟ್ಟಿಗೆ ಕೂರಿಸಿದ್ದ. ಪಕ್ಕದಲ್ಲೇ ಭಾಯ್. ಅವರಿಗೆ ಐವತ್ತೆಂಟು. ಬಿಳಿ ಗಡ್ಡ, ಅಂಗಿಯ ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರ್. ವಿಮಾನ ನಿಲ್ದಾಣದಲ್ಲಿ ಅದನ್ನು ತೆಗೆದು ಎಸೆಯಬೇಕಾಗಿ ಬಂದದ್ದಕ್ಕೆ ಬಹಳ ಹೊತ್ತು ಬೇಜಾರು ಮಾಡಿಕೊಂಡಿದ್ದರು. ಕ್ಯಾಲ್ಕುಲೇಟರನ್ನು ಮಾತ್ರ ಬಿಟ್ಟು ಬಂದಿರಲಿಲ್ಲ. ನನ್ನದೂ ನನ್ನ ಜೇಬಿನಲ್ಲೇ ಇತ್ತು. ಇಬ್ಬರೂ ಅದನ್ನು ಯಾಕೆ ತಂದೆವೋ ಗೊತ್ತಿಲ್ಲ.

ಊಟದ ತಟ್ಟೆ ತೆಗೆದ ಮೇಲೆ ಅವರೇ ಮಾತು ತೆಗೆದರು.

"ಪ್ರಭಾಕರ್ ಭಾಯ್, ಯಾಕೆ ಇಷ್ಟು ಟೆನ್ಷನ್ ತಗೋತೀರ? ನಾನು ಜೀರೋ ಬರೀತೀನಿ."

"ಏನು ಜೀರೋ?"

"ಡಬ್ಬಿ. ನಂಗೆ ಒಂದೂ ನಕ್ಕೋ, ಬೇಡ. ಹೊಸಾದು ನೋಡಿದ್ರಾ? ಡಿಸ್ಕ್ ಹಾಕೋಕೆ ಬಾಯೇ ಇಲ್ಲ ಅದಕ್ಕೆ. ಹುಡುಗ್ರು ಮನೇಲಿ ಕೂತು ಗೇಮ್ ಡೌನ್‌ಲೋಡ್ ಮಾಡ್ಕೋತಾರೆ. ಮುಂಚೆ ನಮ್ಗೆ ಡಿಸ್ಕಲ್ಲಿ, ಸೆಕೆಂಡ್ ಹ್ಯಾಂಡ್ ಡಿಸ್ಕಲ್ಲಿ ನಾಲ್ಕು ಕಾಸು ಸಿಗ್ತಿತ್ತು. ಈಗ ಕಂಪನಿಯವ್ರು ಡಬ್ಬೀಲಿ ಕಳ್ಕೊಂಡಿದ್ದನ್ನ ಗೇಮಲ್ಲಿ ತೆಗೀತಾರೆ. ನಮ್ಗೆ ಗೇಮ್ ಎಲ್ಲಿದೆ? ಅವ್ರು ಕಳ್ಕೊಳ್ಳೋ ಭಾಗ ಮಾತ್ರ ನಮ್ಮ ಪಾಲಿಗೆ."

"ಮತ್ತೆ ಅಂಗಡಿ?"

"ರಿಪೇರಿ ಮಾಡ್ತೀನಿ. ಡಬ್ಬಿ ಯಾವ ಕಲರ್ ಆದ್ರೂ ಕೆಟ್ಟೇ ಕೆಡುತ್ತೆ ಭಾಯ್."

ನಾನು ನಕ್ಕೆ. ನಂಬಲಿಲ್ಲ. ಹನ್ನೊಂದು ವರ್ಷದಲ್ಲಿ ಅವರು ನನಗೆ ಹೇಳಿದ ದರವಾಗಲಿ, ನಾನು ಅವರಿಗೆ ಹೇಳಿದ ದರವಾಗಲಿ ಒಂದೂ ನಿಜವಾಗಿರಲಿಲ್ಲ. ಸ್ಟಾಕ್ ಖಾಲಿ ಎಂದು ನನ್ನೆದುರು ಕೈಯೆತ್ತಿ, ಆ ಸಂಜೆಯೇ ಆರು ಡಬ್ಬಿ ಮಾರಿದವರು ಅವರು. ಅದೇ ವಾರ ನಾನೂ ಅವರಿಗೆ ಹಾಗೇ ಮಾಡಿದ್ದೆ. ಅಂಥ ಮನುಷ್ಯ ಈಗ ಮೋಡದ ಮೇಲೆ ಕೂತು ಸೊನ್ನೆ ಎನ್ನುತ್ತಿದ್ದಾರೆ. ನಾನು ನಂಬಿ ಐದೋ ಹತ್ತೋ ಬರೆದು ಸುಮ್ಮನಾದರೆ, ಅವರು ಹದಿನೈದು ಬರೆದು ಬೇಸ್‌ಮೆಂಟನ್ನೇ ಎತ್ತಿಕೊಂಡು ಹೋಗುತ್ತಾರೆ. ಹಾಗೆಂದು ತೀರ್ಮಾನಿಸಿ ಕಣ್ಣು ಮುಚ್ಚಿದೆ. ನಿದ್ದೆಯಂತೂ ಬರಲಿಲ್ಲ.

ಮೊದಲ ದಿನ: ಒಂದು ಮೊಳದ ರೂಮು

ಟೋಕಿಯೊದಲ್ಲಿ ನಮ್ಮಿಬ್ಬರಿಗೂ ಸೇರಿ ಒಂದೇ ರೂಮು. ಎರಡು ಮಂಚ, ನಡುವೆ ಒಂದು ಮೊಳ ಜಾಗ. ಒಬ್ಬರು ಶೂ ಬಿಚ್ಚಬೇಕಾದರೆ ಇನ್ನೊಬ್ಬರು ಕಾಲು ಮೇಲೆತ್ತಬೇಕು. ಬೆಂಗಳೂರಿನಲ್ಲಿ ನಮ್ಮ ನಡುವೆ ನಾಲ್ಕು ಅಡಿಯಾದರೂ ಇತ್ತು.

ನನ್ನ ಕವರನ್ನು ಎಲ್ಲಿಡುವುದೆಂದು ತೋಚಲಿಲ್ಲ. ಸೂಟ್‌ಕೇಸಿನಲ್ಲಿಟ್ಟೆ, ತೆಗೆದೆ. ದಿಂಬಿನ ಕವರಿನೊಳಗಿಟ್ಟೆ, ರೂಮು ಗುಡಿಸುವವರು ಬಿಚ್ಚಿಯಾರು ಎಂದು ಮತ್ತೆ ತೆಗೆದೆ. ಕೊನೆಗೆ ಪಾಸ್‌ಪೋರ್ಟಿನ ಜೊತೆ ಬನಿಯನ್ನಿನೊಳಗೆ ನೇತುಹಾಕಿಕೊಂಡೆ. ಅದರಲ್ಲಿ ಇನ್ನೂ ಏನೂ ಬರೆದಿರಲಿಲ್ಲ ಎಂಬುದು ಬೇರೆ ಮಾತು. ಭಾಯ್ ತಮ್ಮ ಕವರನ್ನು ಟೇಬಲ್ ಮೇಲೆ, ಟೀ ಪುಡಿಯ ಪೊಟ್ಟಣಗಳ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು. ಅದನ್ನು ನೋಡಿ ನನ್ನ ಅನುಮಾನ ಹೆಚ್ಚಾಯಿತು.

ಊಟದ ಚಿಂತೆಯಲ್ಲಿ ಮಾತ್ರ ನಾವಿಬ್ಬರೂ ಒಂದು. ಅವರಿಗೆ ಹಲಾಲ್ ಬೇಕು, ನನಗೆ ಮೀನಿನ ವಾಸನೆ ಆಗದು. ಮೂಲೆಯ ಅಂಗಡಿಯಲ್ಲಿ ಅನ್ನದ ತ್ರಿಕೋನದ ಉಂಡೆ ಸಿಗುತ್ತದೆ, ಸುತ್ತ ಕಡಲಪಾಚಿಯ ಕಪ್ಪು ಹಾಳೆ. ಒಳಗೆ ಏನೂ ಇಲ್ಲದ್ದನ್ನು ಹುಡುಕಿ ತಂದು, ಹೊದಿಕೆ ಬಿಚ್ಚಲು ಬಾರದೆ ಹರಿದು, ಸುಜಾತಾಳ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ಅವರು ಮಸೀದಿ ರಸ್ತೆಯ ಬೇಕರಿಯ ಖಾರಾ ಬಿಸ್ಕತ್ತು ತೆಗೆದು ಮುಂದಿಟ್ಟರು. ಬಾಯಿ ಖಾರವಾಗಿ ಇಬ್ಬರಿಗೂ ಕಣ್ಣಲ್ಲಿ ನೀರು. ಆ ಹೊತ್ತು ಅವರನ್ನು ಕೇಳಿಬಿಡಬಹುದಿತ್ತು. ಕೇಳಲಿಲ್ಲ.

ಈ ಊರಿನಲ್ಲಿ ಬೀದಿಯಲ್ಲಿ ಕಸದ ಬುಟ್ಟಿಯೇ ಇಲ್ಲ. ಆದರೂ ಕಸವಿಲ್ಲ. ಉಂಡೆಯ ಹೊದಿಕೆಯನ್ನು ದಿನವಿಡೀ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಕಮರ್ಷಿಯಲ್ ಸ್ಟ್ರೀಟಿನವನಾದ ನನಗೆ ಅದು ದೊಡ್ಡ ಶಿಕ್ಷೆಯಾಗಿತ್ತು.

ಎರಡನೇ ದಿನ: ಅಕಿಹಾಬಾರಾ

ಗೇಮು, ಎಲೆಕ್ಟ್ರಾನಿಕ್ಸು ಎಲ್ಲಕ್ಕೂ ಅಕಿಹಾಬಾರಾ ಎಂಬ ಬಡಾವಣೆ. ನಮ್ಮ ಎಸ್.ಪಿ. ರೋಡನ್ನು ತೊಳೆದು ಇಸ್ತ್ರಿ ಮಾಡಿ ಎಂಟು ಮಹಡಿ ಏರಿಸಿದರೆ ಹಾಗೆ ಕಾಣಬಹುದು. ನನ್ನನ್ನು ತಬ್ಬಿಬ್ಬು ಮಾಡಿದ್ದು ಅಲ್ಲಿನ ಮಹಡಿಗಳಲ್ಲ, ದರದ ಚೀಟಿಗಳು. ಅಂಗೈಯಗಲದ ಅಂಕಿಗಳನ್ನು ಹಳದಿ ಕಾಗದದ ಮೇಲೆ ಬರೆದು, ಬೀದಿಗೆ ಮುಖ ಮಾಡಿ ಅಂಟಿಸಿದ್ದಾರೆ. ಎದುರಂಗಡಿಯವರದ್ದೂ ಹಾಗೇ. ಹೊಸ ಡಬ್ಬಿಗೆ ಈ ಅಂಗಡಿಯಲ್ಲೂ ಆ ಅಂಗಡಿಯಲ್ಲೂ ಹೆಚ್ಚುಕಡಿಮೆ ಒಂದೇ ದರ. ಜನ ಚೌಕಾಸಿಯಿಲ್ಲದೆ ದುಡ್ಡನ್ನು ಸಣ್ಣ ತಟ್ಟೆಯಲ್ಲಿಟ್ಟು ಡಬ್ಬಿ ತೆಗೆದುಕೊಂಡು ಹೋಗುತ್ತಾರೆ. ಹೀಗೆ ಬತ್ತಲಾಗಿ ವ್ಯಾಪಾರ ಮಾಡುವವರು ನೆಮ್ಮದಿಯಾಗಿ ಹೇಗೆ ನಿದ್ದೆ ಮಾಡುತ್ತಾರೋ ಎಂದುಕೊಂಡೆ.

ವಿನಯ್ ಕೈಯಲ್ಲಿ ಕೇಸರಿ ಬಣ್ಣದ ಸಣ್ಣ ಬಾವುಟ ಹಿಡಿದು ಮುಂದೆ ನಡೆಯುತ್ತಿದ್ದ. ಎಲ್ಲರೂ ಬಾವುಟ ನೋಡಿಕೊಂಡು ಹೋದರು. ನಾನು ಭಾಯಿಯನ್ನು ನೋಡಿಕೊಂಡು ಹೋದೆ. ಅವರು ರೈಲು ಹಳಿಯ ಕೆಳಗಿನ ಇಕ್ಕಟ್ಟಿನ ಸಾಲಿಗೆ ನುಗ್ಗಿದರು. ಅಲ್ಲಿ ಒಬ್ಬ ಮನುಷ್ಯ ಕೂರುವಷ್ಟೇ ಜಾಗದ ಅಂಗಡಿಗಳು. ತಿರುಪು, ತಂತಿ, ಗುಂಡಿಗಳ ಸಣ್ಣ ಸಣ್ಣ ಡಬ್ಬಗಳು. ಒಂದರಲ್ಲಿ ತುಂಬಾ ವಯಸ್ಸಾದ ಅಜ್ಜ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು ಕೂತಿದ್ದ. ಭಾಯ್ ಕ್ಯಾಲ್ಕುಲೇಟರ್ ತೆಗೆದು ಏನೋ ಒತ್ತಿ ತೋರಿಸಿದರು. ಅಜ್ಜ ತನ್ನ ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿದ. ಅಜ್ಜನಿಗೆ ಭಾಯಿಯ ಮಾತು ಬಾರದು, ಭಾಯಿಗೆ ಅಜ್ಜನದ್ದು ಬಾರದು. ಆದರೂ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಕೊನೆಗೆ ಅಜ್ಜ ಮೆಂತ್ಯದ ಪೊಟ್ಟಣದಷ್ಟು ಪುಟ್ಟ ಕಾಗದದ ಪೊಟ್ಟಣ ಕಟ್ಟಿಕೊಟ್ಟ.

ಕಂಬದ ಹಿಂದೆ ನಿಂತಿದ್ದ ನನಗೆ ಅಂಕಿ ಕಾಣಲಿಲ್ಲ. ಏನೋ ದೊಡ್ಡ ವ್ಯವಹಾರ ಕುದುರುತ್ತಿದೆ ಎಂದುಕೊಂಡು ಇನ್ನಷ್ಟು ಬಗ್ಗಿದೆ. ಅಷ್ಟರಲ್ಲಿ ಶಾಲಾ ಮಕ್ಕಳ ದೊಡ್ಡ ಗುಂಪು ನಡುವೆ ಹಾದುಹೋಯಿತು. ಅದು ದಾಟಿದ ಮೇಲೆ ನೋಡಿದರೆ ಭಾಯ್ ಇಲ್ಲ, ಬಾವುಟವೂ ಇಲ್ಲ. ಸ್ಟೇಷನ್ನಿಗೆ ಎಷ್ಟೋ ಬಾಗಿಲು. ಒಂದರಿಂದ ಒಳಗೆ ಹೋಗಿ ಇನ್ನೊಂದರಿಂದ ಹೊರಬಂದರೆ ಬೇರೆಯೇ ಊರಿದ್ದ ಹಾಗೆ. ಫೋನಿನಲ್ಲಿ ಇಂಟರ್ನೆಟ್ ಸತ್ತಿತ್ತು. ಬನಿಯನ್ನಿನೊಳಗಿನ ಕವರನ್ನು ಹಿಡಿದುಕೊಂಡು ನಿಂತೆ.

ಅರ್ಧ ಗಂಟೆಯ ಮೇಲೆ ಹಿಂದಿನಿಂದ ಯಾರೋ ಭುಜ ಹಿಡಿದರು.

"ಕ್ಯಾ ಜೀ, ಇಲ್ಲೇನ್ ಮಾಡ್ತಿದೀರ? ಇಡೀ ಬಜಾರ್ ಹುಡುಕಿದೆ ನಿಮ್ಮನ್ನ."

ಭಾಯಿಯ ಹಣೆಯಲ್ಲಿ ಬೆವರು. ದಾರಿ ತಪ್ಪಿದೆ ಎಂದೆ. ಅವರನ್ನು ಹಿಂಬಾಲಿಸಿ ತಪ್ಪಿದೆ ಎನ್ನಲಿಲ್ಲ.

ಮೂರನೇ ದಿನ: ಸಂಜೆಯ ನಮಾಜು

ಮಧ್ಯಾಹ್ನ ಸುತ್ತಾಟ ಮುಗಿಸಿ ಬೇಗ ರೂಮಿಗೆ ಬಂದೆವು. ಭಾಯ್ ಇಳಿಹೊತ್ತಿನ ಅಸರ್ ನಮಾಜು ಮಾಡಬೇಕಿತ್ತು. ಫೋನಿನಲ್ಲಿ ದಿಕ್ಕು ನೋಡಿದರೆ ಅದು ಸರಿಯಾಗಿ ನನ್ನ ಸೂಟ್‌ಕೇಸಿನ ಕಡೆಗಿತ್ತು.

"ಭಾಯ್, ಇದನ್ನ ಸ್ವಲ್ಪ ಮೇಲೆ ಇಡ್ತೀರಾ? ತೊಂದ್ರೆ ಕೊಡ್ತಿದೀನಿ."

"ಅಯ್ಯೋ, ಇದರಲ್ಲೇನಿದೆ ರೀ" ಎಂದು ಸೂಟ್‌ಕೇಸನ್ನು ಮಂಚದ ಮೇಲೆ ಎತ್ತಿ ಹಾಕಿದೆ. ಅವರು ಚಾಪೆ ಹಾಸಿ ನಿಂತರು. ನಾನು ಕಿಟಕಿಯ ಬಳಿ ಟೇಬಲ್ಲಿಗೆ ಒರಗಿದೆ. ಅಲ್ಲೇ, ಅವರ ಕವರಿನ ಪಕ್ಕ, ಅವರ ಕ್ಯಾಲ್ಕುಲೇಟರ್ ಇತ್ತು. ಕವರು ಅಂಟಿಸಿತ್ತು. ಸೋಲಾರ್ ಕ್ಯಾಲ್ಕುಲೇಟರಿನ ಮೇಲೆ ಕಿಟಕಿಯ ಬೆಳಕು ಬಿದ್ದು ಅಂಕಿ ಹಾಗೇ ಉಳಿದಿತ್ತು.

ನಮ್ಮ ವ್ಯಾಪಾರದಲ್ಲಿ ಅಂಕಿಯನ್ನು ಅಳಿಸದೆ ಯಾರೂ ಕ್ಯಾಲ್ಕುಲೇಟರ್ ಕೆಳಗಿಡುವುದಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರು ಮರೆತಿದ್ದರು. ದೇವರ ಮುಂದೆ ಬಗ್ಗಿರುವ ಮನುಷ್ಯನ ಬೆನ್ನ ಹಿಂದೆ ಹೀಗೆ ಇಣುಕುವುದು ನಾಚಿಕೆಗೇಡು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬೆರಳ ತುದಿಯಿಂದ ಅದನ್ನು ನನ್ನ ಕಡೆ ತಿರುಗಿಸಿಕೊಂಡೆ. ಟೇಬಲ್ಲಿನ ಗಾಜಿನ ಮೇಲೆ ಅದು ಕಿರ್ ಎಂದು ಸದ್ದು ಮಾಡಿತು.

ಅರವತ್ತು.

ಸೊನ್ನೆಯಂತೆ, ಸೊನ್ನೆ! ಕ್ಯಾಲ್ಕುಲೇಟರನ್ನು ಇದ್ದ ಹಾಗೇ ಇಟ್ಟು, ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಸುಜಾತಾಗೆ ಫೋನ್ ಮಾಡಿದೆ.

"ಅರವತ್ತು ಬರೀತಿದಾರೆ ಕಣೇ."

"ಬರೀಲಿ ಬಿಡಿ. ಅರವತ್ತು ಡಬ್ಬಿ ಇಟ್ಕೊಂಡು ಅವ್ರೇ ಒದ್ದಾಡ್ಲಿ."

"ಡೀಲರ್‌ಶಿಪ್ ಹೋಗುತ್ತೆ."

"ನೀವು ಇಪ್ಪತ್ತೈದು ಬರ್ದು ಹಾಯಾಗಿ ಮಲಕ್ಕೊಳ್ಳಿ. ಹೋದ್ರೆ ಬೇರೇನಾದ್ರೂ ಮಾಡೋಣ ರೀ."

ಸರಿ ಎಂದು ಫೋನಿಟ್ಟೆ. ಬನಿಯನ್ನಿನಿಂದ ಕವರು ತೆಗೆದು, ತೊಡೆಯ ಮೇಲಿಟ್ಟುಕೊಂಡು, ಒಳಗಿನ ಚೀಟಿಯಲ್ಲಿ ಎಪ್ಪತ್ತು ಎಂದು ಬರೆದೆ. ಎದುರಂಗಡಿಯವರು ಹೇಳಿದ್ದಕ್ಕಿಂತ ಒಂದು ಹೆಜ್ಜೆ ಆಚೆ ಹೋಗುವುದು ನನ್ನ ಕೈಗೆ ಅಭ್ಯಾಸವಾಗಿತ್ತು. ಕೈ ತಾನೇ ಬರೆಯಿತು ಎಂದರೂ ತಪ್ಪಿಲ್ಲ.

ನಾಲ್ಕನೇ ದಿನ: ಕತ್ತರಿ ಕೈ

ಬೆಳಗಿನ ತಿಂಡಿಯ ಹೊತ್ತಿಗೆ ವಿನಯ್ ಒಂದು ಪ್ಲಾಸ್ಟಿಕ್ ಡಬ್ಬ ಹಿಡಿದು ಕವರುಗಳನ್ನು ಕೂಡಿಸಿಕೊಂಡ. ಭಾಯ್ ತಮ್ಮದನ್ನು ಹಾಕಿ ನನ್ನತ್ತ ತಿರುಗಿ, "ಭಾಯ್, ಜಾಸ್ತಿ ಗೀಸ್ತಿ ಬರ್ದಿಲ್ಲ ತಾನೆ?" ಎಂದರು. ಅವರಿಗೆ ಅಷ್ಟು ಕಾಳಜಿ ಯಾಕೆ? ಹಾಗೆಂದು ಯೋಚಿಸುತ್ತಲೇ ನನ್ನ ಕವರನ್ನೂ ಹಾಕಿದೆ.

ವಿಮಾನ ಸಂಜೆಗೆ. ಅಲ್ಲಿಯವರೆಗೆ ಯಾರು ಏನು ಬೇಕಾದರೂ ಕೊಳ್ಳಬಹುದು ಎಂದು ವಿನಯ್ ಹೇಳಿದ. ಹೋಟೆಲಿನ ಪಕ್ಕದ ದೊಡ್ಡ ಅಂಗಡಿಗೆ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತೆ. ಬಾಗಿಲು ತೆರೆದಾಗ ಒಳಗಿನ ಕೆಲಸದವರೆಲ್ಲ ಸಾಲಾಗಿ ನಿಂತು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಬೋಣಿ ಗಿರಾಕಿಗೆ ಈ ಊರಿನಲ್ಲಿ ಎಷ್ಟು ಮರ್ಯಾದೆ ಎಂದು ಉಬ್ಬಿಹೋದೆ. ನಮ್ಮಲ್ಲಿ ದಿನದ ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸುವುದಿಲ್ಲ, ಅಸಲಿಗಾದರೂ ಕೊಟ್ಟು ಕಳಿಸುತ್ತೇವೆ.

ಮೂರನೇ ಮಹಡಿಯಲ್ಲಿ ಕೆಂಪು ಕಂಪನಿಯ ಡಬ್ಬಿ ಕಣ್ಣಿಗೆ ಬಿತ್ತು. ಅದಕ್ಕೆ ಟಿವಿ ಬೇಡ, ಅದರಲ್ಲೇ ಪರದೆ ಇದೆ. ಪಕ್ಕಪಕ್ಕದಲ್ಲಿ ಎರಡು ರಾಶಿ. ಡಬ್ಬಿ ಒಂದೇ, ಚಿತ್ರ ಒಂದೇ, ಆದರೆ ಒಂದು ರಾಶಿಯ ದರ ಇನ್ನೊಂದಕ್ಕಿಂತ ಬಹಳ ಕಡಿಮೆ. ಬೆಂಗಳೂರಿನಲ್ಲಿ ಈ ಡಬ್ಬಿಗೆ ನಾನು ಕೇಳುವ ದರ ನೆನೆದು ಬಾಯಲ್ಲಿ ನೀರೂರಿತು. ಕಡಿಮೆಯದರಲ್ಲಿ ಎರಡನ್ನು ಎತ್ತಿಕೊಂಡೆ. ಕೌಂಟರಿನ ಹೆಣ್ಣುಮಗಳಿಗೆ ನನ್ನ ಕ್ಯಾಲ್ಕುಲೇಟರಿನಲ್ಲಿ ಇನ್ನಷ್ಟು ಇಳಿಸಿ ತೋರಿಸಿದೆ, ಎಡಗೈ ಅಡ್ಡ ಹಿಡಿದೇ. ಆಕೆ ಎರಡೂ ಕೈಗಳನ್ನು ಎದೆಯ ಮುಂದೆ ಕತ್ತರಿಯಂತೆ ಹಿಡಿದಳು. ಆಗುವುದಿಲ್ಲ ಎನ್ನಲು ಅವರು ಹಾಗೆ ಮಾಡುತ್ತಾರೆ. ಸರಿ, ಬೋಣಿಗೂ ಬಗ್ಗದ ಊರು ಎಂದುಕೊಂಡೆ. ದುಡ್ಡನ್ನು ತಟ್ಟೆಯಲ್ಲಿಟ್ಟೆ. ಆಕೆ ಡಬ್ಬಿಯ ಮೇಲಿನ ಒಂದು ಸಾಲನ್ನು ಬೆರಳಲ್ಲಿ ತೋರಿಸಿ ಏನೇನೋ ಹೇಳಿ ಮತ್ತೆ ಕತ್ತರಿ ಹಿಡಿದಳು. ನಾನು ಚೌಕಾಸಿ ಬಿಟ್ಟಾಗಿದೆ ತಾಯಿ, ಪೂರ್ತಿ ಕೊಟ್ಟಿದ್ದೇನೆ ಎಂದು ಕನ್ನಡದಲ್ಲೇ ಹೇಳಿ ನಕ್ಕೆ.

ಆಗ ಭಾಯ್ ಬಂದರು. ಮೊಮ್ಮಗಳಿಗೆ ಪೆನ್ಸಿಲ್ ಡಬ್ಬಿ ಕೊಂಡಿದ್ದರು.

"ಅರೆ ಭಾಯ್, ಅದು ಬೇಡ. ಕಮ್ಮಿ ರೇಟಿಂದು ಜಪಾನಿ ಮಾತ್ರ ಮಾತಾಡುತ್ತೆ. ಇಲ್ಲಿ ಜನಕ್ಕೆ ಅಂತ ಸಸ್ತಾ ಕೊಟ್ಟಿದಾರೆ. ನಮ್ಮಂಥವ್ರು ಬಂದು ಬಾಚ್ಕೊಂಡು ಹೋಗ್ಬಾರ್ದಲ್ಲ, ಅದಕ್ಕೇ ಭಾಷೆಗೆ ಬೀಗ ಹಾಕಿದಾರೆ. ಅಜ್ಜನ ಅಂಗಡೀಲಿ ಬಿಚ್ಚಿಟ್ಟಿದ್ದು ನೋಡ್ದೆ ನಾನು."

ಎರಡು ರಾಶಿಯನ್ನೂ ನೋಡಿದೆ, ಅವರ ಮುಖವನ್ನೂ ನೋಡಿದೆ. ನಾನು ಬಿಟ್ಟರೆ ಇವರು ಕೊಳ್ಳುತ್ತಾರೆ ಎಂದು ಮನಸ್ಸು ಹೇಳಿತು. ಅರವತ್ತು ಬರೆದು ಸೊನ್ನೆ ಎಂದವರ ಮಾತು ಇದು. "ಪರವಾಗಿಲ್ಲ ಭಾಯ್, ಸೆಟಿಂಗ್ಸಲ್ಲಿ ಚೇಂಜ್ ಮಾಡ್ಕೋಬಹುದು" ಎಂದು ಚೀಲ ಎತ್ತಿಕೊಂಡೆ.

ಹೋಟೆಲಿನ ಲಾಬಿಯಲ್ಲಿ ಬಸ್ಸಿಗಾಗಿ ಕಾಯುತ್ತಾ ಒಂದನ್ನು ಬಿಚ್ಚಿ ಆನ್ ಮಾಡಿದೆ. ಪರದೆಯ ತುಂಬಾ ಅವರ ಅಕ್ಷರ. ಒಂದು ಗುಂಡಿ ಒತ್ತಿದರೆ ಮತ್ತಷ್ಟು ಅಕ್ಷರ. ಎಲ್ಲ ಮೂಲೆ ಹುಡುಕಿದರೂ ಭಾಷೆ ಬದಲಿಸುವ ಜಾಗ ಸಿಗಲಿಲ್ಲ. ಕೊನೆಗೆ ಫೋನಿನ ಕ್ಯಾಮೆರಾ ಹಿಡಿದು ಡಬ್ಬಿಯ ಮೇಲಿನ ಆ ಸಾಲನ್ನು ಅನುವಾದ ಮಾಡಿ ಓದಿದೆ. ಭಾಯ್ ಹೇಳಿದ್ದೇ ಇತ್ತು. ನನಗೆ ಕನ್ನಡ, ತಮಿಳು, ದಖ್ಖನಿ, ಇಂಗ್ಲಿಷ್, ಕೈಬಾಯಿ ಸನ್ನೆ ಸೇರಿಸಿ ತೆಲುಗು ಬರುತ್ತದೆ. ರಸೆಲ್ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ಕೊತ್ತಂಬರಿ ಕೊಳ್ಳಲು ಮೂರು ಭಾಷೆ ಬಳಸುವವನು ನಾನು. ಒಂದೇ ಭಾಷೆ ಬಲ್ಲ ಎರಡು ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ದುಡ್ಡು ಹೋದದ್ದಕ್ಕೆ ಹೊಟ್ಟೆ ಉರಿಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಈ ಮನುಷ್ಯ ಇದನ್ನು ನಿಜ ಹೇಳಿದ್ದರೆ, ಸೊನ್ನೆಯನ್ನೂ ನಿಜವೇ ಹೇಳಿರಬೇಕು.

ರಿಸೆಪ್ಷನ್ನಿನ ಬಳಿ ನಿಂತಿದ್ದ ವಿನಯ್ ಹತ್ತಿರ ಓಡಿದೆ.

"ವಿನಯ್, ನನ್ನ ಕವರ್ ಸ್ವಲ್ಪ ಕೊಡಪ್ಪಾ. ಒಂದು ಕರೆಕ್ಷನ್ ಇದೆ."

"ಸರ್, ಕಂಗ್ರಾಟ್ಸ್! ಎಪ್ಪತ್ತು! ಚೀಟಿ ಫೋಟೋ ಹೆಡ್ ಆಫೀಸಿಗೆ ಹೋಗಾಯ್ತು, ಅವ್ರು ಓಕೆನೂ ಮಾಡಿದ್ರು. ಬೇಸ್‌ಮೆಂಟ್ ನಿಮ್ದೇ."

"ಇಮ್ತಿಯಾಜ್ ಭಾಯ್ ಎಷ್ಟು ಬರ್ದಿದಾರೆ?"

"ಅವ್ರು ಜೀರೋ ಸರ್. ಕೆಳಗೊಂದು ಲೈನ್ ಬೇರೆ ಇದೆ. ಮಾಲು ಪ್ರಭಾಕರ್ ಭಾಯಿಗೇ ಕೊಡಿ, ಒಳ್ಳೇ ಮನುಷ್ಯ ಅಂತ."

ಮರಳುವಾಗ: ಪೊಟ್ಟಣ

ವಿಮಾನದಲ್ಲಿ ಮತ್ತೆ ಅಕ್ಕಪಕ್ಕ. ಈ ಸಲ ನಾನೇ ಮಾತು ತೆಗೆದೆ. "ಭಾಯ್, ನಾನು ಎಪ್ಪತ್ತು ಬರ್ದುಬಿಟ್ಟೆ. ನೀವು ನಮಾಜ್ ಮಾಡ್ತಿದ್ದಾಗ ನಿಮ್ಮ ಕ್ಯಾಲ್ಕುಲೇಟರ್ ನೋಡ್ದೆ. ತಪ್ಪಾಯ್ತು."

"ನೋಡಿದ್ದು ಗೊತ್ತು" ಎಂದರು. "ಬೆನ್ನು ಆ ಕಡೆ ಇತ್ತು. ಕಿವಿ ಇತ್ತಲ್ಲ. ಆದ್ರೆ ಅದ್ರಲ್ಲಿ ನೋಡೋಕೆ ಏನಿತ್ತು?"

"ಅರವತ್ತು."

ಅವರು ಜೇಬಿನಿಂದ ಅಜ್ಜನ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಉದ್ದಿನ ಕಾಳಿಗಿಂತ ಸ್ವಲ್ಪ ದೊಡ್ಡ ಕಪ್ಪು ತುಣುಕುಗಳು. ಆಡುವ ಕಂಟ್ರೋಲರಿನಲ್ಲಿ ಹೆಬ್ಬೆರಳಿನ ಕೆಳಗೆ ತಿರುಗುವ ಕಡ್ಡಿಯೊಂದಿರುತ್ತದೆ, ಎಲ್ಲಕ್ಕಿಂತ ಮೊದಲು ಹಾಳಾಗುವುದು ಅದೇ. ಅದರ ಬಿಡಿಭಾಗ.

"ಅರವತ್ತು ಪೀಸ್ ತಗೊಂಡೆ. ನಮಾಜಿಗೆ ಮುಂಚೆ ಎಣಿಸಿ ಹಾಗೇ ಇಟ್ಟೆ. ಡಬ್ಬಿ ಮಾರೋದು ಬಿಟ್ಟ ಮೇಲೆ ಯಾರಿಂದ ಮುಚ್ಚಿಡ್ಬೇ‌ಕು?" ಎಂದು ನಗಲು ಶುರುಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿದರು. "ನನ್ನೇ ಒಂದು ಮಾತು ಕೇಳ್ಬೇಕಿತ್ತು ಭಾಯ್."

"ಕೇಳಿದ್ರೆ ನಾನು ನಂಬ್ತಿದ್ನಾ?"

ಅವರು, "ಇಲ್ಲ. ನಾನೂ ನಂಬ್ತಿರ್ಲಿಲ್ಲ" ಎಂದರು. ಆಮೇಲೆ ಖಾರಾ ಬಿಸ್ಕತ್ತಿನಲ್ಲಿ ಉಳಿದಿದ್ದ ಪುಡಿಯನ್ನು ಇಬ್ಬರೂ ಹಂಚಿಕೊಂಡೆವು.

ಮತ್ತೆ ಬೇಸ್‌ಮೆಂಟು

ಎಪ್ಪತ್ತು ಡಬ್ಬಿಗಳು ಕೆ.ಆರ್. ಪುರದ ಗೋಡೌನಿನಿಂದ ಟೆಂಪೋದಲ್ಲಿ ಬಂದವು. ನನ್ನ ಅಂಗಡಿಯ ಚಾವಣಿಯ ತನಕ ಜೋಡಿಸಿದರೂ ಮಿಕ್ಕವು. ಹನ್ನೆರಡನ್ನು ಭಾಯ್ ತಮ್ಮ ಅಂಗಡಿಯಲ್ಲಿ ಇರಿಸಿಕೊಂಡರು. ಸುಜಾತಾ ಬಂದು ನೋಡಿ ಮೆಟ್ಟಿಲು ಹತ್ತಿ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಹಸಿರಿನವರು ಹಬ್ಬಕ್ಕೆ ದರ ಇಳಿಸುತ್ತಾರಂತೆ ಎಂಬ ಸುದ್ದಿ ಇದೆ, ಏರಿಸುತ್ತಾರಂತೆ ಎಂಬ ಸುದ್ದಿಯೂ ಇದೆ. ಈಗ ನಾನು ಎದ್ದ ಕೂಡಲೇ ಹಲ್ಲುಜ್ಜುವ ಮುಂಚೆ ಫೋನು ನೋಡುತ್ತೇನೆ.

ಹೊಸ ಡಬ್ಬಿ ಮಾರಾಟಕ್ಕೆ ಇಟ್ಟ ಬೆಳಿಗ್ಗೆ ಮೊದಲ ಗಿರಾಕಿಯಾಗಿ ಜೀವನ್ ಬಿಮಾ ನಗರದಿಂದ ತಾಯಿ ಮಗಳು ಬಂದರು. ಎಷ್ಟು ಎಂದು ತಾಯಿ ಕೇಳಿದರು. ಕ್ಯಾಲ್ಕುಲೇಟರ್ ಎತ್ತಿಕೊಂಡೆ, ಎಡಗೈ ತಾನಾಗಿ ಅಡ್ಡ ಬಂತು, ಬಲಗೈ ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು. ಹನ್ನೊಂದು ವರ್ಷ ನನ್ನ ದರ ಎಂದರೆ ಎದುರಂಗಡಿಯ ದರಕ್ಕಿಂತ ಇನ್ನೂರು ಕಡಿಮೆ. ಈಗ ಎದುರಿಗೆ ದರವೇ ಇಲ್ಲ. ಅಲ್ಲಿ ಭಾಯ್ ಭೂತಗನ್ನಡಿ ಕಣ್ಣಿಗೆ ಕಟ್ಟಿಕೊಂಡು ಯಾರದೋ ಕಂಟ್ರೋಲರ್ ಬಿಚ್ಚಿ ಕೂತಿದ್ದರು. ಪಕ್ಕದಲ್ಲಿ ನಾನು ಕೊಟ್ಟಿದ್ದ ಜಪಾನಿ ಡಬ್ಬಿಗಳು. ಬೀಗ ಬಿಚ್ಚಲಾಗುತ್ತದೋ ನೋಡುತ್ತೇನೆ ಎಂದಿದ್ದರು.

"ಅಂಕಲ್, ಯಾರಿಗೆ ಕಾಣ್ಬಾರ್ದು ಅಂತ ಮುಚ್ಕೊಂಡಿದೀರ?" ಎಂದು ಆ ಹುಡುಗಿ ಕೇಳಿದಳು.

ಒಂದು ನಿಮಿಷ ಎಂದು ಹೇಳಿ ಕಾರಿಡಾರ್ ದಾಟಿದೆ. ನಾಲ್ಕೇ ಅಡಿ. ಗಿರಾಕಿಗಳು ದಾಟುವುದನ್ನು ನೋಡಿದ್ದೆನೇ ಹೊರತು ದರ ಕೇಳಲು ನಾನೆಂದೂ ದಾಟಿರಲಿಲ್ಲ.

"ಭಾಯ್, ಎಷ್ಟು ಹೇಳ್ಲಿ?"

ಅವರು ಭೂತಗನ್ನಡಿ ಮೇಲೆತ್ತಿ ನನ್ನನ್ನು ನೋಡಿದರು. ಕ್ಯಾಲ್ಕುಲೇಟರ್ ಮುಂದೆ ಹಿಡಿದೆ. ಅವರು ಅದನ್ನು ಮುಟ್ಟಲಿಲ್ಲ. ಇಡೀ ಬೇಸ್‌ಮೆಂಟಿಗೆ ಕೇಳುವ ಹಾಗೆ ದರವನ್ನು ಬಾಯಲ್ಲಿ ಹೇಳಿದರು. "ಒಂದು ರೂಪಾಯಿ ಕಮ್ಮಿ ಮಾಡ್ಬೇಡಿ" ಎಂದೂ ಸೇರಿಸಿದರು.

ಹಳೆಯ ಅನುಮಾನ ಒಂದು ಸಲ ಹೊರಳಿತು. ಹೊರಳಲಿ ಎಂದು ಬಿಟ್ಟು ವಾಪಸ್ ಬಂದು ಅದೇ ದರ ಹೇಳಿದೆ, ಬಾಯಲ್ಲೇ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ತಾಯಿ ಪರ್ಸ್ ತೆಗೆದರು, ಮಗಳು ಡಬ್ಬಿಯನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು.

ಇನ್ನು ಅರವತ್ತೊಂಬತ್ತು.